ರೋಗಿಗಳು ತಲಪಾಡಿ ದಾಟಿ ಬರುತ್ತಾರೆ, ಆರೈಕೆಯ ಪಾಠ ಯಾಕೆ ಬರುವುದಿಲ್ಲ?

‘ಇನ್ನು ನಮ್ಮಲ್ಲಿ ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂಬ ಮಾತನ್ನು ಆಸ್ಪತ್ರೆಯಲ್ಲಿ ಕೇಳಿ ಬಂದ ಕುಟುಂಬಗಳು ನಮ್ಮ ಪ್ರತಿ ಮೊಹಲ್ಲಾದಲ್ಲೂ ಉಂಟು. ಕ್ಯಾನ್ಸರ್ ಕೈಮೀರಿದವರು, ಪಾರ್ಶ್ವವಾಯು ಬಡಿದವರು, ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳಕೊಂಡವರು ಹೀಗೆ ಮನೆ ಸೇರುತ್ತಾರೆ. ಮೊದಲ ವಾರ ಮನೆ ತುಂಬ ಜನ, ಮೇಜು ತುಂಬ ಹಣ್ಣು. ಎರಡು ತಿಂಗಳು ಕಳೆದರೆ ಆ ಕೋಣೆಯಲ್ಲಿ ಉಳಿಯುವುದು ರೋಗಿ ಮತ್ತು ಅವರ ಹೆಂಡತಿಯೋ ಮಗಳೋ ಸೊಸೆಯೋ ಮಾತ್ರ. ಬೆನ್ನು ಹುಣ್ಣಾದರೆ ಏನು ಮಾಡಬೇಕು, ರಾತ್ರಿ ನೋವು ಹೆಚ್ಚಾದರೆ ಯಾರನ್ನು ಕೇಳಬೇಕು ಎಂದು ಆ ಹೆಣ್ಣುಮಗಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಚಿಕಿತ್ಸೆಗೆ ಹಣ ಒಟ್ಟು ಮಾಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ರಕ್ತ ಬೇಕೆಂದರೆ ಅರ್ಧ ಗಂಟೆಯಲ್ಲಿ ಹುಡುಗರು ಆಸ್ಪತ್ರೆಯಲ್ಲಿರುತ್ತಾರೆ. ಆ್ಯಂಬುಲೆನ್ಸ್ ಇಟ್ಟ ಸಂಘಟನೆಗಳುಂಟು, ಡಯಾಲಿಸಿಸ್‌ಗೆ ನೆರವಾಗುವವರುಂಟು. ಆದರೆ ನಮ್ಮ ಸೇವೆಯೆಲ್ಲ ಆಸ್ಪತ್ರೆಯ ಗೇಟಿನವರೆಗೆ. ಗೇಟಿನಿಂದ ಹೊರಗೆ ಬಂದ ರೋಗಿಯ ಬಗ್ಗೆ ನಮ್ಮ ಹತ್ತಿರ ಒಂದು ಪಟ್ಟಿಯೂ ಇಲ್ಲ.

ಆರೋಗ್ಯ ಕ್ಷೇತ್ರದಲ್ಲಿ ಹೊಸತು ಎಂದರೆ ಕೋಟಿ ರೂಪಾಯಿಯ ಯಂತ್ರ ಎಂದೇ ನಮಗೆ ಅಭ್ಯಾಸವಾಗಿದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ಡ್ರಿಪ್ ಬಾಟಲಿಗಳೇ ಮುಗಿದಿದ್ದವು. ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಕಲಿಸಿದರು. ಅವರ ಕೈಕೆಳಗಿನ ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಇವತ್ತು ಪ್ರತಿ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಶಿಬಿರದ ಪಾಠ ಉಂಟು. ಆ ವಿಧಾನ ಒಂದೇ ಶಿಬಿರದಲ್ಲಿ ಉಳಿದಿದ್ದರೆ ಇಷ್ಟು ಮಕ್ಕಳು ಬದುಕುತ್ತಿರಲಿಲ್ಲ.

ಅಂಥದ್ದೇ ಒಂದು ಪಾಠ ನಮ್ಮ ಪಕ್ಕದ ಕೇರಳದಲ್ಲಿ ಉಂಟು. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಪೈನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಶುರು ಮಾಡಿದರು. ಗುಣವಾಗದ ಕಾಯಿಲೆಯವರಿಗೂ ನೋವು ಇಳಿಸುವ, ಗೌರವದಿಂದ ಬದುಕಿಸುವ ಆರೈಕೆ ಬೇಕು ಎಂಬುದು ಅವರ ನಿಲುವು. ಹಾಸಿಗೆ ಹಿಡಿದವರು ಕ್ಲಿನಿಕ್‌ಗೆ ಬರಲಾಗುವುದಿಲ್ಲ ಎಂದು ಕಂಡಾಗ ಆರೈಕೆಯೇ ರೋಗಿಯ ಮನೆಗೆ ಹೋಯಿತು.

2000ದ ಆಸುಪಾಸಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಇದನ್ನು ಊರಿನವರೇ ಕೈಗೆತ್ತಿಕೊಂಡರು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲವರನ್ನು ಕರೆದು ತರಬೇತಿ ಕೊಟ್ಟರು. 16 ಗಂಟೆಯ ಪಾಠ, ಮತ್ತೆ ನಾಲ್ಕು ದಿನ ನುರಿತವರ ಜೊತೆ ರೋಗಿಗಳ ಬಳಿ ಕೆಲಸ. ವಿದ್ಯಾರ್ಥಿಗಳು, ಗೃಹಿಣಿಯರು, ವ್ಯಾಪಾರಿಗಳು ಬಂದರು. ಅವರು ಮನೆಮನೆಯ ಕಷ್ಟ ತಿಳಿದು ನರ್ಸ್‌ಗೆ ಹೇಳುತ್ತಾರೆ, ನರ್ಸ್ ಮನೆಗೆ ಬರುತ್ತಾರೆ, ಅಗತ್ಯ ಬಿದ್ದರೆ ಡಾಕ್ಟರ್. ಖರ್ಚಿನ ಬಹುಪಾಲು ಊರಿನ ಸಣ್ಣ ಸಣ್ಣ ದೇಣಿಗೆಯಿಂದಲೇ.

ಅಲ್ಲಿ ಕಲಿಸುವ ಸಂಗತಿಗಳು ನೋಡಲು ಸಣ್ಣವು. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣು ಹೆಚ್ಚಿನ ಮಟ್ಟಿಗೆ ತಡೆಯಬಹುದು. ಕೆಂಪಾದ ಚರ್ಮವನ್ನು ತಿಕ್ಕಬಾರದು. ಊಟ ಕೊಡುವಾಗ ತಲೆ ಎತ್ತಿಸಿ ಕೂರಿಸಬೇಕು. ಕ್ಯಾನ್ಸರ್ ಹುಣ್ಣಿನ ದುರ್ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯನ್ನು ನರ್ಸ್ ಹೇಳಿದಂತೆ ಹಾಕಿದರೆ ವಾಸನೆ ಇಳಿಯುತ್ತದೆ. ಆ ವಾಸನೆಗೆ ಹೆದರಿ ಮೊಮ್ಮಕ್ಕಳನ್ನೇ ಹತ್ತಿರ ಕರೆಯದ ಅಜ್ಜಿಯರುಂಟು. ಅವರ ಪಾಲಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಬೇರೆ ಹೇಳಬೇಕಾಗಿಲ್ಲ.

ನೋವಿನ ಮಾತೂ ಹಾಗೆಯೇ. ಕ್ಯಾನ್ಸರ್‌ನ ಕಠಿಣ ನೋವಿಗೆ ಮಾರ್ಫಿನ್ ಮಾತ್ರೆ ಉಂಟು, ಬೆಲೆಯೂ ಹೆಚ್ಚಿಲ್ಲ. ‘ಅದು ಕೊಟ್ಟರೆ ಮುಗೀತು’ ಎಂಬ ಹೆದರಿಕೆ ಮನೆಯವರದ್ದು, ಪರವಾನಗಿಯ ರಗಳೆ ಆಸ್ಪತ್ರೆಗಳದ್ದು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂದು ನಿಯಮ ಸರಳವಾಗಿದೆ. ವೈದ್ಯರ ಲೆಕ್ಕಾಚಾರದಲ್ಲಿ ಕೊಟ್ಟರೆ ರೋಗಿ ನೋವಿಲ್ಲದೆ ನಿದ್ದೆ ಮಾಡಬಹುದು. ಇದನ್ನು ಕೇಳಿ ಪಡೆಯುವ ಧೈರ್ಯ ನಮಗೆ ಬರಬೇಕು.

‘ಕೇರಳದಲ್ಲಿ ಸರ್ಕಾರ ಮಾಡ್ತದೆ, ನಮ್ಮಲ್ಲಿ ಎಲ್ಲಿ?’ ಎಂದು ಕೆಲವರು ಕೇಳಬಹುದು. ಕೇರಳ ಸರ್ಕಾರ ಪಾಲಿಯೇಟಿವ್ ನೀತಿ ತಂದದ್ದು 2008ರಲ್ಲಿ. ಜನ ಅದಕ್ಕೂ ಎಷ್ಟೋ ವರ್ಷ ಮೊದಲೇ ಕೆಲಸ ಶುರು ಮಾಡಿ ಆಗಿತ್ತು. ಜನ ಮಾಡಿ ತೋರಿಸಿದ್ದನ್ನು ಸರ್ಕಾರ ಹಿಂಬಾಲಿಸಿತು. ಇನ್ನು ಕಾಸರಗೋಡಿನವರು ಚಿಕಿತ್ಸೆಗೆ ತಲಪಾಡಿ ದಾಟಿ ಮಂಗಳೂರಿಗೆ ಬರುವುದು ದಿನನಿತ್ಯದ ಮಾತು. ಇಷ್ಟು ಮೆಡಿಕಲ್ ಕಾಲೇಜುಗಳಿರುವ ನಮ್ಮ ಊರು ಅಲ್ಲಿಂದ ಈ ಒಂದು ಪಾಠವನ್ನು ತರಿಸಿಕೊಳ್ಳಲು ನಾಚಿಕೆ ಯಾಕೆ?

ರೋಗಿಯನ್ನು ನೋಡಲು ಹೋಗುವುದು ಕರ್ತವ್ಯ ಎಂದು ಮಕ್ಕಳಿಗೆ ಮದ್ರಸದಲ್ಲಿ ಹೇಳಿಕೊಡುತ್ತೇವೆ. ಹೋಗಿ ಹತ್ತು ನಿಮಿಷ ಕೂತು ಬರುವವರು ಒಂದು ಸಲ ಮಗ್ಗುಲು ಬದಲಿಸಲು ಕೈ ಕೊಟ್ಟರೆ ಆ ಭೇಟಿಗೆ ತೂಕ ಬರುತ್ತದೆ.

ಜಮಾಅತ್ ಕಮಿಟಿಗಳ ಮುಂದೆ ನಾವು ಇಡುವ ಕೋರಿಕೆ ಇಷ್ಟೇ. ಮೊದಲು ನಿಮ್ಮ ವ್ಯಾಪ್ತಿಯಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಮಾಡಿ. ನೆರೆಯ ಹಿಂದೂ, ಕ್ರೈಸ್ತ ಮನೆಗಳನ್ನು ಬಿಡಬೇಡಿ, ನೋವಿಗೆ ಜಾತಿಯಿಲ್ಲ. ಆಶಾ ಕಾರ್ಯಕರ್ತೆಯರಿಗೆ ಮನೆಮನೆ ಗೊತ್ತುಂಟು, ಅವರನ್ನು ಕೇಳಿ. ಐದಾರು ಮಂದಿ ಹೆಂಗಸರು, ಗಂಡಸರು ತರಬೇತಿ ಪಡೆಯಲಿ. ನಾಲ್ಕೈದು ಜಮಾಅತ್ ಸೇರಿದರೆ ಒಬ್ಬ ನರ್ಸ್‌ಗೆ ಸಂಬಳ ಕೊಡುವುದು ಕಷ್ಟವಲ್ಲ. ವಾಟರ್ ಬೆಡ್, ವೀಲ್‌ಚೇರ್ ಮಸೀದಿಯ ಕೋಣೆಯಲ್ಲಿಟ್ಟು ಬೇಕಾದವರಿಗೆ ಕೊಟ್ಟು ವಾಪಸ್ ಪಡೆಯಿರಿ. ಒಂದು ಮೊಹಲ್ಲಾದಲ್ಲಿ ಫಲ ಕೊಟ್ಟ ಕ್ರಮವನ್ನು ಪಕ್ಕದ ಮೊಹಲ್ಲಾದವರನ್ನು ಕರೆದು ತೋರಿಸಿ. ಒಂದೇ ಒಂದು ಷರತ್ತು: ಹಾಸಿಗೆಯ ಮೇಲಿನ ರೋಗಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಅವರಿಗೆ ಉಳಿದಿರುವ ಮಾನವನ್ನಾದರೂ ಕಾಪಾಡೋಣ.

ಮುಂದಿನ ಕಮಿಟಿ ಸಭೆಯ ಅಜೆಂಡಾದಲ್ಲಿ ಕಟ್ಟಡ, ಬಣ್ಣ, ಮೈಕ್ ಸೆಟ್‌ನ ಲೆಕ್ಕಕ್ಕೆ ಮೊದಲು ಈ ಪಟ್ಟಿಯ ವಿಷಯ ಬರಲಿ.