ಅರಿವು ಯಾರಿಗೆ ಮೂಡಿಸಬೇಕು ಸ್ವಾಮಿ?

ಪುಣೆಯಲ್ಲಿ ಎಂ.ಎ. ಓದುತ್ತಿರುವ ನಮ್ಮಕ್ಕನ ಮಗಳು ಎರಡು ತಿಂಗಳು ಸಾಮಾಜಿಕ ಭದ್ರತೆಯ ನೀತಿ ಅಧ್ಯಯನ ಮಾಡುವ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದಳು. ವಿಷಯ ವೃದ್ಧಾಪ್ಯ ಪಿಂಚಣಿ. ಎಂಟೂ ವಾರ ಎಸಿ ಕೋಣೆಯಲ್ಲಿ ಎಕ್ಸೆಲ್ ತುಂಬಿದ್ದೇ ಕೆಲಸ. ಪಿಂಚಣಿ ತಗೊಳ್ಳೋ ಒಬ್ಬ ಅಜ್ಜಿಯನ್ನೂ ನೋಡಲಿಲ್ಲ. ಸ್ಟೈಪೆಂಡೂ ಇಲ್ಲ, ಬರೀ ಸರ್ಟಿಫಿಕೇಟು (ಇದು ಅವರ ಸಾಮಾಜಿಕ ಭದ್ರತೆ!). ಕೊನೆಗೆ ವರದಿಯ ಶಿಫಾರಸು: 'ಫಲಾನುಭವಿಗಳಲ್ಲಿ ಅರಿವು ಮೂಡಿಸಬೇಕು'.

ಬಡತನ ರೇಖೆಯ ಕೆಳಗಿನವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಅಂತ ಇದೆಯಲ್ಲ, ಅದರಲ್ಲಿ 79 ವಯಸ್ಸಿನವರೆಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2006ರಲ್ಲಿ ನಿಗದಿಯಾದದ್ದು, ಇವತ್ತಿಗೂ ಅಷ್ಟೇ. ಉಳಿದದ್ದು ರಾಜ್ಯದ ಮರ್ಜಿ. ಇಲ್ಲಿ ಮಹಾರಾಷ್ಟ್ರದಲ್ಲಿ ಶ್ರಾವಣಬಾಳ ಯೋಜನೆಯಿಂದ ಒಂದಿಷ್ಟು ಸೇರುತ್ತೆ. ಬ್ಯಾಂಕಿನವರಾದ ನಮ್ಮ ತುಟ್ಟಿಭತ್ಯೆ ಮಾತ್ರ ಬೆಲೆಯೇರಿಕೆ ನೋಡಿಕೊಂಡು ಮೂರು ತಿಂಗಳಿಗೊಮ್ಮೆ ಬದಲಾಗುತ್ತೆ. ಅಜ್ಜಿಗೆ ಅಕ್ಕಿ ಬೇರೆ ರೇಟಿಗೆ ಸಿಗುತ್ತಾ?

'ಮೊತ್ತ ಹೆಚ್ಚಿಸಿ ಅಂತ ಯಾಕೆ ಬರೀಲಿಲ್ಲ?' ಅಂದೆ. 'ಅದು ನಮ್ಮ ಸ್ಕೋಪಿನಲ್ಲಿ ಬರಲ್ಲ ಮಾಮ' ಅಂದಳು. ಹುಡುಗಿಯ ತಪ್ಪಲ್ಲ. ಕೇಳಬಾರದ ಪ್ರಶ್ನೆಯನ್ನು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಅಧ್ಯಯನ ಮಾಡು ಅಂತ ಕೊಟ್ಟವರದ್ದು.

ನಮ್ಮ ಶಾಖೆಗೆ ಬರುವ ಅಜ್ಜಿಯರಿಗೆ ದುಡ್ಡು ಯಾವಾಗ ಬಂತು, ಎಷ್ಟು ತಿಂಗಳದ್ದು ಬಾಕಿ ಎಲ್ಲ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಾಗದಿರುವುದು ಒಂದೇ, ಪಾತ್ರೆ ತಿಕ್ಕಿ ಸವೆದ ಬೆರಳನ್ನು ಆ ಮೆಷೀನು ಯಾಕೆ ಒಪ್ಪಲ್ಲ ಅಂತ. ಮುಂದಿನ ಬ್ಯಾಚಿನ ಮಕ್ಕಳನ್ನು ಮೊದಲ ವಾರ ಆ ಸಾಲಿನ ಪಕ್ಕ ಕೂರಿಸಿ. ಕುರ್ಚಿ ನಾನು ಹಾಕಿಸಿಕೊಡ್ತೀನಿ.