ಮೊದಲು ಎಡಕ್ಕೆ ನೋಡಿ

ಊರಿನಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ಇಲ್ಲಿ ದುಬೈಯಲ್ಲಿ ಬಲಬದಿಯಲ್ಲಿ. ರಜೆ ಮುಗಿಸಿ ಬಂದ ಮಕ್ಕಳು, ಜೊತೆಗೆ ಬಂದ ಅಜ್ಜ-ಅಜ್ಜಿಯರು ಅಭ್ಯಾಸಬಲದಿಂದ ಮೊದಲು ಬಲಕ್ಕೆ ನೋಡಿ ರಸ್ತೆಗೆ ಇಳಿಯುತ್ತಾರೆ. ಕಾರು ಬರುವುದು ಎಡದಿಂದ! ಬಂದ ಮೊದಲ ವಾರ ಇವರಾರ ಕೈಯನ್ನೂ ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಶಾಲಾ ಬಸ್ಸು ‘ಸ್ಟಾಪ್’ ಫಲಕ ಚಾಚಿದರೆ 5 ಮೀಟರ್ ದೂರದಲ್ಲೇ ನಿಲ್ಲಬೇಕು. ತಪ್ಪಿದರೆ 1,000 ದಿರ್ಹಂ ದಂಡ, 10 ಕಪ್ಪು ಅಂಕ. ಅಲ್ಲಿ ತಪ್ಪದೆ ನಿಲ್ಲುವ ಪೋಷಕರಲ್ಲೇ ಕೆಲವರು, ತಡವಾಯಿತೆಂದು ಶಾಲೆಯ ಎದುರುಬದಿಯಲ್ಲಿ ಕಾರು ನಿಲ್ಲಿಸಿ “ಓಡು ಮಗಾ, ಬೆಲ್ ಆಯ್ತು” ಎನ್ನುತ್ತಾರೆ. ಮಕ್ಕಳೇ, ಆಗ ಇಳಿಯಬೇಡಿ. ಗೇಟಿನ ಬದಿಗೇ ಬಿಡಿ ಎಂದು ಹಟ ಹಿಡಿಯಿರಿ. ಈ ಹಟಕ್ಕೆ ಯಾವ ಟೀಚರೂ ಬೈಯುವುದಿಲ್ಲ.