ಕಾಳಿಯ ಕಲ್ಲು

ಕಲೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರ ಮನಸ್ಸು ಬೇಲೂರಿನ ಮದನಿಕೆಯರ ಕಡೆಗೋ ಬಾದಾಮಿಯ ಗುಹೆಗಳ ಕಡೆಗೋ ಹರಿಯುವುದು ಸಹಜ. ಅವುಗಳ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಂಥ ಮಹಾಶಿಲ್ಪದ ಮುಂದೆ ನಿಂತಾಗ ನಾವು ಬೆರಗಾಗುತ್ತೇವೆಯೇ ಹೊರತು, ಇದು ನನ್ನದು, ನನ್ನ ಬಾಳಿಗೆ ಸಂಬಂಧಿಸಿದ್ದು ಎಂಬ ಭಾವ ಬರುವುದು ಅಪರೂಪ. ಆ ಭಾವವನ್ನು ತರುವ ಶಕ್ತಿ ಕೆಲವೊಮ್ಮೆ ತೀರ ಸರಳವಾದ, ಒರಟು ಕೆಲಸದ ಒಂದು ಕಲ್ಲಿಗೆ ಇರುತ್ತದೆ. ಈ ಸಲ ಅಂಥ ಒಂದು ಕಲ್ಲಿನ ವಿಷಯವನ್ನು ವಾಚಕರ ಮುಂದಿಡುತ್ತೇನೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949-50. ದಕ್ಷಿಣ ಭಾರತದ ಇತಿಹಾಸವನ್ನು ಬರೆಯುವವರಾರೂ ಈ ಶಾಸನವನ್ನು ಬಿಟ್ಟು ಮುಂದೆ ಹೋಗಲಾರರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಘೋರ ಸಂಗ್ರಾಮದ ವೃತ್ತಾಂತ ಇದರಲ್ಲಿದೆ. ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಅರಸು ಇಮ್ಮಡಿ ಬೂತುಗನೆಂದೂ, ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ ಪನ್ನಿರ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟನೆಂದೂ ಇದರಿಂದ ತಿಳಿಯುತ್ತದೆ. ಆ ತಕ್ಕೋಲ ಇಂದು ತಮಿಳುನಾಡಿನ ಅರಕ್ಕೋಣದ ಬಳಿಯಿರುವ ಊರು.

ಇಷ್ಟು ದೊಡ್ಡ ಸಂಗತಿಯನ್ನು ಹೊತ್ತ ಕಲ್ಲಿನ ಮೇಲೆ ಯಾವ ಚಿತ್ರವಿರಬೇಕು? ಆನೆಯ ಮೇಲಿನ ಅರಸನೇ? ಬೀಳುವ ಛತ್ರವೇ? ಅದಾವುದೂ ಅಲ್ಲ. ಅಲ್ಲಿರುವುದು ಒಂದು ನಾಯಿ ಮತ್ತು ಒಂದು ಕಾಡುಹಂದಿ. ಎರಡೂ ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ. ಅಷ್ಟೇ ಶಿಲ್ಪ. ಹಿನ್ನೆಲೆಯಲ್ಲಿ ಬಳ್ಳಿಯಿಲ್ಲ, ಮೇಲೆ ಗಂಧರ್ವರಿಲ್ಲ.

ಅದರ ಕಥೆಯನ್ನೂ ಶಾಸನವೇ ಹೇಳುತ್ತದೆ. ಬೂತುಗನ ಸೇವಕರಲ್ಲಿ ಮಣಲೇರನೆಂಬ ವೀರನಿದ್ದನು. ಯುದ್ಧದಲ್ಲಿ ಅವನು ತೋರಿದ ಸಾಹಸಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೇರನು ಬೇಡಿದ್ದು ಬೂತುಗನ ಬಳಿಯಿದ್ದ ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟನು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಣಬಾರದು. ಉಂಡರೆ ನಾಯಿ ಗೈದ ಪಾಪ ಅವನಿಗೆ ತಟ್ಟುವುದೆಂದು ಕಟ್ಟಳೆಯನ್ನೂ ಬರೆಸಿದನು.

ಇತಿಹಾಸಕಾರನಿಗೆ ಈ ಕಲ್ಲಿನಲ್ಲಿ ಮುಖ್ಯವಾದುದು ತಕ್ಕೋಲ. ಕಲ್ಲನ್ನು ನಿಲ್ಲಿಸಿದವನಿಗೆ ಮುಖ್ಯವಾದುದು ಕಾಳಿ. ಅವನು ಅಕ್ಷರವನ್ನು ಅರಸರಿಗೆ ಕೊಟ್ಟನು, ಚಿತ್ರವನ್ನು ನಾಯಿಗೆ ಮೀಸಲಿಟ್ಟನು. ಓದು ಬಾರದವನು ಆ ಕಲ್ಲಿನ ಮುಂದೆ ನಿಂತರೆ ಅವನಿಗೆ ಕೃಷ್ಣನೂ ಇಲ್ಲ, ಬೂತುಗನೂ ಇಲ್ಲ. ಇರುವುದು ಹಂದಿಯನ್ನು ಬಿಡದೆ ಹಿಡಿದ ಒಂದು ನಾಯಿ ಮಾತ್ರ. ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಬೆನ್ನು ಹತ್ತಿ ಹೋದ ನಾಯಿ ನಮಗೆಲ್ಲ ಗೊತ್ತು. ಅದು ಕಡೆಗೆ ಯಮಧರ್ಮನಾಗಿ ತನ್ನ ನಿಜರೂಪವನ್ನು ತೋರಿತು. ಕಾಳಿಗೆ ಅಂಥ ನಿಜರೂಪವೇನೂ ಇರಲಿಲ್ಲ. ಅದು ನಾಯಿಯಾಗಿಯೇ ಹುಟ್ಟಿ ನಾಯಿಯಾಗಿಯೇ ಸತ್ತಿತು, ಆ ಕಾರಣಕ್ಕಾಗಿಯೇ ಪೂಜೆಗೊಂಡಿತು.

ಈ ಕಲ್ಲು ನನಗೆ ಏಕೆ ಆಪ್ತವಾಯಿತೆಂಬುದನ್ನು ಹೇಳಬೇಕಾದರೆ ನಮ್ಮ ಮನೆಯ ಮಾತೊಂದನ್ನು ತೆಗೆಯಬೇಕಾಗುತ್ತದೆ. ನನ್ನ ತಂದೆಯವರು ಗಡಿಯ ಈಚೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಉಪಾಧ್ಯಾಯರಾಗಿ ಮೂವತ್ತೆರಡು ವರ್ಷ ದುಡಿದವರು. ಅವರು ನಿವೃತ್ತರಾದಾಗ ಊರವರು ಸೇರಿ ಶಾಲು ಹೊದಿಸಿ, “ಮೇಷ್ಟ್ರೇ, ನಮ್ಮ ನೆನಪಿಗೆ ಏನು ಕೊಡೋಣ, ನೀವೇ ಹೇಳಿ” ಎಂದು ಕೇಳಿದರು. ಶಾಲೆಗೆ ಆಗತಾನೆ ಹೊಸ ಗಂಟೆ ಬಂದಿತ್ತು. ತಂದೆಯವರು ಮೂಲೆ ಸೇರಿದ್ದ ಹಳೆಯ ಗಂಟೆಯನ್ನು ಕೇಳಿ ಪಡೆದರು. ಅದರ ಅಂಚು ಸೀಳಿತ್ತು, ನಾದ ಒಡೆದಿತ್ತು. ಇನ್ನೂ ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದ ಮನೆಗೆ ಅವರು ಆ ಗಂಟೆಯನ್ನು ಹೊತ್ತು ಬಂದಾಗ ಅಮ್ಮ ಏನೂ ಆಡಲಿಲ್ಲ. ಅದನ್ನು ಹುಣಿಸೆಹಣ್ಣು ಹಚ್ಚಿ ತೊಳೆದು ದೇವರ ಗೂಡಿನ ಪಕ್ಕದಲ್ಲಿಟ್ಟರು. ಏಕೆ ಅದನ್ನೇ ಕೇಳಿದಿರೆಂದು ತಂದೆಯವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ತಂದೆಯವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಆತಕೂರಿನ ಕಲ್ಲನ್ನು ಕಂಡಾಗ ನನಗೆ ಆ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ಮಣಲೇರನಿಗೆ ಭೂಮಿಯೇನೂ ಕಡಿಮೆಯಾಗಲಿಲ್ಲ. ಅರಸನು ಆತಕೂರನ್ನೇ ಅವನಿಗೆ ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದ ಗೌರವದ ಕೊಡುಗೆಯಾಗಿ ಕೊಟ್ಟನೆಂದು ಶಾಸನವೇ ಹೇಳುತ್ತದೆ. ಆದರೆ ಅದು ಅರಸನು ಕೊಟ್ಟದ್ದು. ನಾಯಿ ತಾನಾಗಿ ಬೇಡಿದ್ದು. ಕೊಟ್ಟದ್ದರಿಂದ ಒಬ್ಬನ ಅಂತಸ್ತು ತಿಳಿಯುತ್ತದೆ, ಬೇಡಿದ್ದರಿಂದ ಅವನ ಹೃದಯ ತಿಳಿಯುತ್ತದೆ. ತಂದೆಯವರಿಗೆ ಸಂಬಳ ಬಂದಿತ್ತು, ಪಿಂಚಣಿ ಬರುವುದಿತ್ತು. ಅವರು ಬೇಡಿದ್ದು ಮಾತ್ರ ದಿನದಿನವೂ ತಮ್ಮೊಡನೆ ದುಡಿದ ಒಂದು ಜೀವವನ್ನು. ಈ ಅರ್ಥವನ್ನು ಆ ಶಿಲ್ಪಿ ಉದ್ದೇಶಿಸಿರಲಿಲ್ಲ, ನಿಜ. ಆದರೂ ಅದು ಕಲ್ಲಿನಿಂದಲೇ ನನಗೆ ಬಂತು. ಪಾಂಡಿತ್ಯವನ್ನು ಬೇಡದ ಸರಳ ಚಿತ್ರಕ್ಕೆ ಈ ಗುಣವುಂಟು: ನೋಡುವವನು ತನ್ನ ನೋವನ್ನೂ ನಲಿವನ್ನೂ ಇಳಿಸಿ ಕೂಡಲು ಅದರಲ್ಲಿ ಜಗಲಿಯಷ್ಟು ಜಾಗವಿರುತ್ತದೆ.

ಈ ಭಾವ ಒಂದು ಭಾಷೆಯ ಸೊತ್ತೂ ಅಲ್ಲ. ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಎಂದರೆ ಏಳನೆಯ ಶತಮಾನದ ತಮಿಳು ವೀರಗಲ್ಲೊಂದಿದೆ. ಅದರಲ್ಲಿ ವೀರನ ಪಕ್ಕದಲ್ಲಿ ಅವನ ನಾಯಿ ನಿಂತಿದೆ. ಅದರ ಹೆಸರು ಕೋವಿವನ್ ಎಂದೂ, ಅದು ಇಬ್ಬರು ಕಳ್ಳರನ್ನು ಕಚ್ಚಿ ನಿಂತಿತೆಂದೂ ಬರೆದಿದೆ. ತಕ್ಕೋಲದಲ್ಲಿ ಕನ್ನಡದ ಅರಸರೂ ತಮಿಳಿನ ಅರಸರೂ ಒಬ್ಬರನ್ನೊಬ್ಬರು ಕೊಂದರು; ಅವರು ಕಾದಾಡಿದ ಗಡಿಗಳು ಎಂದೋ ಅಳಿಸಿಹೋದವು. ಎರಡು ನುಡಿಗಳಲ್ಲಿಯೂ ತಮ್ಮ ನಾಯಿಗಳ ಹೆಸರನ್ನು ಕಲ್ಲಿನಲ್ಲಿ ಬರೆಸಿದವರ ಪ್ರೀತಿ ಮಾತ್ರ ಓದಲು ಸಿಗುತ್ತದೆ. ಎರಡು ಭಾಷೆಗಳ ನಡುವೆ ಮನೆ ಕಟ್ಟಿಕೊಂಡಿರುವ ನಮ್ಮಂಥವರಿಗೆ ಇದು ಸಣ್ಣ ಸಮಾಧಾನವಲ್ಲ.

ಹೊಸೂರು, ಕೃಷ್ಣಗಿರಿಯ ಸೀಮೆಯಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಕೆರೆಯ ಏರಿಯ ಮೇಲೆ, ಹುಣಿಸೆಯ ಮರದಡಿಯಲ್ಲಿ, ಹೊಲದ ಬದುವಿನಲ್ಲಿ ಅವು ನಿಂತಿವೆ. ಕೆಲವಕ್ಕೆ ಪೂಜೆಯುಂಟು, ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ, ಕೆಲವು ಗೋಡೆಯ ಪಾಯಕ್ಕೆ ಹೋಗಿವೆ. ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಮೂರು ಅಂಕಣಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಸೂರ್ಯಚಂದ್ರರು ಇರುವವರೆಗೆ ಈ ಹೆಸರು ಇರಲೆಂದು ತುದಿಯಲ್ಲಿ ಅವರಿಬ್ಬರನ್ನೂ ಕೊರೆದಿರುತ್ತಾರೆ. ಎಷ್ಟೋ ಕಡೆ ಹೆಸರು ಹೋಗಿ ಸೂರ್ಯಚಂದ್ರರು ಮಾತ್ರ ಉಳಿದಿದ್ದಾರೆ.

ಮುಂದಿನ ಸಲ ಊರಿಗೆ ಹೋದಾಗ ವಾಚಕರು ಮಕ್ಕಳನ್ನು ಕರೆದುಕೊಂಡು ಅಂಥ ಒಂದು ಕಲ್ಲಿನ ಬಳಿ ಕಾಲುಗಂಟೆ ಕೂಡಬೇಕೆಂದು ನನ್ನ ಬಿನ್ನಹ. ಸುಣ್ಣ, ಎಣ್ಣೆಯ ಜಿಡ್ಡುಗಳ ಕೆಳಗೆ ಏನಿದೆಯೆಂದು ಮಕ್ಕಳೇ ಬೆರಳಾಡಿಸಿ ನೋಡಲಿ. ಅದು ಬಿಲ್ಲಾಗಬಹುದು, ಹಸುವಾಗಬಹುದು, ಕಾಲ ಬಳಿ ನಿಂತ ನಾಯಿಯೂ ಆಗಬಹುದು. ಇವನು ಯಾರೆಂದು ಅವರು ಕೇಳಿದರೆ ಊರಿನ ಹಿರಿಯರನ್ನು ವಿಚಾರಿಸಿರಿ. ಹೇಳಬಲ್ಲ ಒಬ್ಬ ಅಜ್ಜನೋ ಅಜ್ಜಿಯೋ ಇನ್ನೂ ಇದ್ದಾರು. ಗೊರವನಿಗೆ ಮಣಲೇರನು ವಿಧಿಸಿದ್ದು ಇಷ್ಟೇ ಅಲ್ಲವೆ: ಉಣ್ಣುವ ಮುಂಚೆ ಒಮ್ಮೆ ನೆನೆ ಎಂದು. ಆ ಕಟ್ಟಳೆಯನ್ನು ನಮ್ಮ ಮನೆಗಳಲ್ಲಿಯೂ ಪಾಲಿಸಲು ಭೂದಾನವೇನೂ ಬೇಕಾಗಿಲ್ಲ.